ಪೇಟಿ ನಿಲ್ಲುವ ತನಕ

ಮಧ್ಯಾಹ್ನ ನಾಲ್ಕು ಗಂಟೆ ಹತ್ತು ನಿಮಿಷಕ್ಕೆ ನಾನು ಆ ಮಾತನ್ನು ಕನ್ನಡದಲ್ಲಿ ಹೇಳಿದೆ. ಬಿಸಿಲು ಇಳಿಯುವುದರೊಳಗೆ ಚಿತ್ರೀಕರಣ ಮುಗಿಯಬೇಕೆಂದು ಗಳಿಗೆಗೊಮ್ಮೆ ಗಡಿಯಾರ ನೋಡುತ್ತಿದ್ದೆ. ಹೀಗಾಗಿ ಹೊತ್ತು ನೆನಪಿದೆ.

ಎಪ್ಪತ್ತರ ದಶಕದ ಮಾತು. ಕುಂದಗೋಳ ತಾಲೂಕಿನ ನಮ್ಮೂರಿನ ನಾಟಕದ ತಾಲೀಮಿನ ಸಾಕ್ಷ್ಯಚಿತ್ರ ಮಾಡಲು ಮುಂಬಯಿಯಿಂದ ಮೂವರು ಬಂದಿದ್ದರು. ಧಾರವಾಡದಲ್ಲಿ ಬಿ.ಎ. ಓದಿದ್ದ ನಾನೇ ದುಭಾಷಿ. ತಾಲೀಮಿನಲ್ಲಿ ನಮ್ಮವರು ಕೋಲು ಹಿಡಿದೇ ಕಾದಾಡುತ್ತಿದ್ದರು. ಮುಂಬಯಿಯ ನಿರ್ದೇಶಕನಿಗೆ ಅದು ಹುಡುಗಾಟದಂತೆ ಕಂಡಿತು. ನಾಟಕದ ದಿನಕ್ಕೆಂದು ಎತ್ತಿಟ್ಟಿದ್ದ ಕಬ್ಬಿಣದ ಕತ್ತಿಗಳನ್ನು ಹೊರಗೆ ತೆಗೆಸಿದ. ಆಮೇಲೆ, ಏನೇ ಆದರೂ ಹಾರ್ಮೋನಿಯಂ ನಿಲ್ಲಬಾರದು, ನಿಂತರೆ ರೀಲು ದಂಡ ಎಂದ. ನಾನು ಹಾಗೆಯೇ ಹೇಳಿದೆ.

"ಏನ ಆದ್ರೂನೂ?" ಎಂದರು ಪೇಟಿ ಮಾಸ್ತರು. ಹಾರ್ಮೋನಿಯಂ ನಮಗೆ ಪೇಟಿ.

"ಏನ ಆದ್ರೂನೂ ರೀ."

"ಸಾಲಿ ಕಲ್ತಾವ ಹೇಳಾಕತ್ತಾನ, ಬಾರಸ್ರಿ ಮಾಸ್ತರ," ಎಂದು ನಕ್ಕವನು ಊರಿನ ದರ್ಜಿ, ನನ್ನ ಗೆಳೆಯ, ನಾಟಕದ ಸೇನಾಪತಿ.

ನಮ್ಮ ತಾಲೀಮಿಗೆ ಒಂದೇ ಕಟ್ಟಳೆ. ಪೇಟಿ ನುಡಿಯುವವರೆಗೆ ಯಾರೂ ನಿಲ್ಲುವಂತಿಲ್ಲ. ತಪ್ಪು ಕಂಡರೆ ಮಾಸ್ತರು ಕೈಯೆತ್ತುತ್ತಾರೆ, ಪೇಟಿ ನಿಲ್ಲುತ್ತದೆ, ಆಗ ಎಲ್ಲರೂ ನಿಲ್ಲುತ್ತಾರೆ. ಇದು ನನಗೆ ಗೊತ್ತಿತ್ತು. ಗೊತ್ತಿದ್ದೂ ಹೇಳಿದೆನಲ್ಲ!

ಕ್ಯಾಮೆರಾ ತಿರುಗುತ್ತಿತ್ತು. ರಾಜನೊಡನೆ ಕಾದಾಡುತ್ತಿದ್ದ ದರ್ಜಿಯ ಕಾಲು ಜಾರಿತು. "ತಡಿಯೋ ಲೇ!" ಎಂದು ಬಿದ್ದಲ್ಲಿಂದಲೇ ಕೂಗಿದ. ರಾಜನ ಪಾತ್ರದವನ ಕಿವಿ ಪೇಟಿಯ ಮೇಲಿತ್ತು. ಕತ್ತಿ ಬೀಸಿದ. ದರ್ಜಿ ಬಲಗೈ ಅಡ್ಡ ಒಡ್ಡಿದ. ಎರಡನೆಯ ಏಟು ಅವನ ಕಿವಿಯ ಪಕ್ಕ ನೆಲಕ್ಕೆ ಬಿತ್ತು. ಮಾಸ್ತರು ನನ್ನ ಕಡೆ ನೋಡುತ್ತ ಇನ್ನೂ ಬಾರಿಸುತ್ತಲೇ ಇದ್ದರು. ನನ್ನ ಬಾಯಿಂದ ಒಂದು ಮಾತೂ ಹೊರಡಲಿಲ್ಲ.

ಹುಬ್ಬಳ್ಳಿಯ ಡಾಕ್ಟರು ಹೊಲಿಗೆ ಹಾಕಿ, ಬೆರಳು ಮಡಚಲು ಬರುತ್ತದೋ ಇಲ್ಲವೋ ಕಟ್ಟು ಬಿಚ್ಚಿದ ಮೇಲೆಯೇ ತಿಳಿಯುವುದು ಎಂದರು. ಕತ್ತರಿ ಹಿಡಿಯುವ ಕೈ ಅದು. ಮರುದಿನ ನಿರ್ದೇಶಕ ಕೇಳಿದ್ದು, ಬೇರೊಬ್ಬ ಸೇನಾಪತಿ ಸಿಗುತ್ತಾನೆಯೇ ಎಂದು. ಅದನ್ನು ನಾನು ಯಾರಿಗೂ ಕನ್ನಡದಲ್ಲಿ ಹೇಳಲಿಲ್ಲ. ಅವನ ಮೇಲೆ ಸಿಟ್ಟು ಬರುತ್ತಿತ್ತು, ತಿರುಗಿ ನನ್ನ ಮೇಲೆಯೇ ಬೀಳುತ್ತಿತ್ತು. ಕಣ್ಣು ಮುಚ್ಚಿದರೆ ಕತ್ತಿ ಏಳುತ್ತಿತ್ತು. "ನಿಲ್ಲಸ್ರೀ" ಎನ್ನಲು ಬಾಯಿ ತೆರೆಯುತ್ತಿದ್ದೆ, ಎಚ್ಚರವಾಗುತ್ತಿತ್ತು.

ಐದು ವಾರದ ಮೇಲೆ ಕಟ್ಟು ಬಿಚ್ಚಿದರು. ಕಿರುಬೆರಳು ಸೆಟೆದೇ ಉಳಿಯಿತು, ಮಿಕ್ಕವು ನಿಧಾನವಾಗಿ ಮಡಚಿದವು. ಮೂರು ದಿನ ಬಿಟ್ಟು ಗೆಳೆಯನ ಅಂಗಡಿಗೆ ಹೋದೆ. ಯಾರದೋ ಅಂಗಿಯ ಬಟ್ಟೆ ಕತ್ತರಿಸುತ್ತಿದ್ದ, ಸೊಟ್ಟಗೆ.

"ಏನ ನೋಡ್ತೀಲೇ? ಸೊಟ್ಟ ಹೋದ್ರ ಹೊಲ್ದು ನಿನಗ ಕೊಡ್ತೀನಿ, ಹಾಕ್ಕೊಂಡು ತಿರಗು."

ಅಂದು ರಾತ್ರಿ ಮಲಗಿದ ನಾನು ಕಣ್ಣು ತೆರೆದಾಗ ಬಿಸಿಲು ಹಾಸಿಗೆಯ ಮೇಲೆ ಬಿದ್ದಿತ್ತು.