ಪ್ರವಾದಿಯ ಹೆಂಡತಿ ಮತ್ತು ನಮ್ಮವ್ವ

ನಮ್ಮ ಮನೆಯಲ್ಲಿ ಹಾಲು ಉಕ್ಕಿದರೂ ಅದು ಭಾನುವಾರದ ಪ್ರಸಂಗಕ್ಕೆ, ಅಂದರೆ ಚರ್ಚಿನ ಉಪದೇಶಕ್ಕೆ, ಒದಗುತ್ತಿತ್ತು. ಅಪ್ಪ ವಾರವಿಡೀ ಪುಣೆಯ ಶಿವಾಜಿನಗರದ ಕಚೇರಿಯೊಂದರಲ್ಲಿ ಗುಮಾಸ್ತ. ಭಾನುವಾರ ಮಧ್ಯಾಹ್ನ ಅಲ್ಲಿನ ಕನ್ನಡ ಕ್ರೈಸ್ತರ ಸಣ್ಣದೊಂದು ಸಭೆಗೆ ಬೋಧಕ. ಸಭೆಗೆ ಸ್ವಂತ ಚರ್ಚಿರಲಿಲ್ಲ. ಮರಾಠಿ ಮಂದಿಯ ಆರಾಧನೆ ಮುಗಿದು ಅವರು ಮನೆಗೆ ಹೊರಟ ಮೇಲೆ ಅದೇ ಚರ್ಚಿನಲ್ಲಿ ನಮ್ಮದು ಶುರುವಾಗುತ್ತಿತ್ತು. ನನ್ನ ಜ್ವರ, ಗಣಿತದಲ್ಲಿ ನಾನು ಫೇಲಾದದ್ದು, ನಲ್ಲಿ ನೀರಿಗಾಗಿ ಅವ್ವ ಪಕ್ಕದ ಮನೆಯವರೊಡನೆ ಮಾಡಿದ ಜಗಳ, ಎಲ್ಲವೂ ಅಲ್ಲಿ ದೃಷ್ಟಾಂತವಾಗುತ್ತಿದ್ದವು. ಬೋಧಕನಾದವನು ತನ್ನ ಮನೆಯ ಬಾಗಿಲು ತೆರೆದಿಡಬೇಕು ಎಂಬುದು ನಮ್ಮ ಸಭೆಯ ಪದ್ಧತಿ. ಒಳಗಿದ್ದವರನ್ನು ಒಂದು ಮಾತು ಕೇಳುವ ಪದ್ಧತಿ ಮಾತ್ರ ಇರಲಿಲ್ಲ.

ಅಪ್ಪನಿಗೆ ಹೆಸರು ತಂದುಕೊಟ್ಟದ್ದು ಹಳೆಯ ಹೀಬ್ರೂ ಪ್ರವಾದಿಯೊಬ್ಬನ ಸಂಸಾರದ ಪ್ರಸಂಗ. ಆ ಪ್ರವಾದಿಯ ಹೆಂಡತಿ ಗಂಡನನ್ನು ಬಿಟ್ಟು ಪರಪುರುಷರ ಹಿಂದೆ ಹೋಗುತ್ತಾಳೆ. ಹೋಗಿ ಅವಳನ್ನೇ ಮತ್ತೆ ಪ್ರೀತಿಸು ಎಂದು ದೇವರು ಅವನಿಗೆ ಹೇಳುತ್ತಾನೆ. ಅವನು ಬೆಳ್ಳಿ ಕೊಟ್ಟು, ಜವೆಗೋಧಿ ಕೊಟ್ಟು ಅವಳನ್ನು ಬಿಡಿಸಿಕೊಂಡು ಮನೆಗೆ ತರುತ್ತಾನೆ. ಜನ ದೇವರನ್ನು ಬಿಟ್ಟರೂ ದೇವರು ಜನರನ್ನು ಬಿಡುವುದಿಲ್ಲ ಎಂಬುದಕ್ಕೆ ಅವನ ಮನೆಯೇ ಗುರುತು. ಅವನ ಮಕ್ಕಳ ಹೆಸರುಗಳೂ ಗುರುತುಗಳೇ. ಒಬ್ಬಳ ಹೆಸರಿನ ಅರ್ಥ ಕರುಣೆ ಕಾಣದವಳು, ಇನ್ನೊಬ್ಬನದು ನನ್ನವರಲ್ಲದವರು. ಚಿಕ್ಕವಳಿದ್ದಾಗ ನನ್ನನ್ನು ಕಾಡುತ್ತಿದ್ದದ್ದು ಒಂದೇ ಪ್ರಶ್ನೆ. ಸಂಜೆ ಆ ಹುಡುಗಿ ಓಣಿಯಲ್ಲಿ ಆಡುತ್ತಿರುವಾಗ ತಾಯಿ ಹೊರಗೆ ಬಂದು, "ಕರುಣೆ ಕಾಣದವಳೇ, ಊಟಕ್ಕ ಬಾ" ಅಂತ ಕೂಗಬೇಕಿತ್ತಲ್ಲ? ಅಪ್ಪನನ್ನು ಕೇಳಿದ್ದಕ್ಕೆ ನಕ್ಕ. ಮುಂದಿನ ವಾರ ನನ್ನ ಪ್ರಶ್ನೆಯೂ ಪ್ರಸಂಗದಲ್ಲಿ ಬಂತು.

ತೊಂಬತ್ತರ ದಶಕದ ಆರಂಭದ ಒಂದು ಮಳೆಗಾಲ ಅವ್ವ ಮನೆಯಲ್ಲಿರಲಿಲ್ಲ. ನಾನು ಪ್ರಾಥಮಿಕ ಶಾಲೆಯಲ್ಲಿದ್ದೆ. "ಅವ್ವ ಊರಿಗೆ ಹೋಗ್ಯಾಳ" ಎಂದಷ್ಟೇ ಅಪ್ಪ ಹೇಳಿದ. ಕೋಥರೂಡದ ಎರಡು ಕೋಣೆಯ ಮನೆಯಲ್ಲಿ ಅವನು ಬೇಯಿಸಿದ ಮುದ್ದೆಯಂಥ ಅನ್ನ ತಿಂದುಕೊಂಡು ನಾನು ಬಾಗಿಲು ಕಾಯುತ್ತಿದ್ದೆ. ಮಳೆ ಮುಗಿಯುವ ಹೊತ್ತಿಗೆ ಅಪ್ಪ ಸ್ವಾರಗೇಟಿನಿಂದ ಬಸ್ಸು ಹಿಡಿದು ಹೋಗಿ ಅವ್ವನನ್ನು ಕರೆದುಕೊಂಡು ಬಂದ. ಅದರ ಮರು ಭಾನುವಾರವೇ ಪ್ರವಾದಿಯ ಹೆಂಡತಿಯ ಪ್ರಸಂಗ. "ಆ ಪ್ರವಾದಿಯ ಎದೆಯ ನೋವು ಈಗ ನನಗೆ ತಿಳಿದಿದೆ" ಎಂದು ಹೇಳಿ ಅಪ್ಪ ಸುಮ್ಮನೆ ನಿಂತುಬಿಟ್ಟ. ಗಂಡಸರೂ ಕಣ್ಣೊರೆಸಿಕೊಂಡರು. ಅವ್ವ ಮೂರನೇ ಸಾಲಿನಲ್ಲಿ ಸೆರಗಿನ ಅಂಚು ಹಿಡಿದು ಕುಳಿತಿದ್ದಳು.

ಅವತ್ತಿನಿಂದ ಪ್ರತಿ ವರ್ಷ ಆ ಪ್ರಸಂಗ ತಪ್ಪಲಿಲ್ಲ. ಸೋಲಾಪುರ, ಮೀರಜ ಕಡೆಯ ಸಭೆಗಳಿಂದಲೂ ಅಪ್ಪನಿಗೆ ಕರೆ ಬರತೊಡಗಿತು. ಇತ್ತ ಹೆಂಗಸರ ಗುಂಪಿನಲ್ಲಿ ಹಾಡು ಎತ್ತಿಕೊಡುತ್ತಿದ್ದ ಅವ್ವನಿಗೆ ಯಾರೂ ಹಾಡು ಎತ್ತಲು ಹೇಳದಾದರು. ದೊಡ್ಡವಳಾಗುತ್ತ ನನಗೂ ಅರ್ಥವಾಯಿತು. ಅಥವಾ ಅರ್ಥವಾಯಿತೆಂದು ತಿಳಿದೆ. ನಮ್ಮವ್ವ ಯಾರದೋ ಹಿಂದೆ ಹೋಗಿದ್ದಾಳೆ. ಹೈಸ್ಕೂಲಿನಲ್ಲಿದ್ದಾಗ ನಾನು ಆ ಗಂಡಸನ್ನು ಹುಡುಕುತ್ತಿದ್ದೆ. ಕಿರಾಣಿ ಅಂಗಡಿಯವನು ಅವ್ವನ ಜೊತೆ ನಕ್ಕು ಮಾತಾಡಿದರೆ ಅವನ ಮುಖವನ್ನೇ ದಿಟ್ಟಿಸುತ್ತಿದ್ದೆ. ಗ್ಯಾಸ್ ಸಿಲಿಂಡರ್ ಹೊತ್ತು ತರುವವನನ್ನೂ ಬಿಡಲಿಲ್ಲ. ನನ್ನ ಹರೆಯವೆಲ್ಲ ಇಲ್ಲದ ಮನುಷ್ಯನೊಬ್ಬನ ಪತ್ತೇದಾರಿಕೆಯಲ್ಲಿ ಕಳೆಯಿತು. ಅದಕ್ಕಾಗಿ ಇವತ್ತಿಗೂ ಅಪ್ಪನ ಮೇಲೆ ನನ್ನ ಸಿಟ್ಟು ಇಳಿದಿಲ್ಲ.

ಹೊಸ ಶತಮಾನ ಬಂತು, ನನಗೆ ನೌಕರಿ ಸಿಕ್ಕಿತು, ಮದುವೆಯೂ ಗೊತ್ತಾಯಿತು. ಮದುಮಗಳಿಗಾಗಿ ಪ್ರಾರ್ಥಿಸಲು ಸಭೆಯ ಹೆಂಗಸರು ಮನೆಗೆ ಬಂದರು. ಅವರ ಮುಂದಾಳು ಒಬ್ಬ ಹಿರಿಯಮ್ಮ. ಮೃದುವಾದ ಕೈ, ಗಡಸು ದನಿ. ನನ್ನ ತಲೆಯ ಮೇಲೆ ಕೈಯಿಟ್ಟು, "ದೇವರೇ, ತಾಯಿ ಹಿಡಿದ ದಾರಿ ಈ ಮಗಳು ಹಿಡಿಯದಂಗ ಕಾಯಪ್ಪಾ" ಎಂದಳು. ಅವ್ವ ಎಲ್ಲರ ಜೊತೆ "ಆಮೆನ್" ಎಂದು, ಎದ್ದು ಹೋಗಿ ಚಹಾ ತಂದಳು.

ಅವರು ಹೋದ ಮೇಲೆ ಅವ್ವ ರೊಟ್ಟಿ ಬಡಿಯಲು ಕುಳಿತಳು. ಎದುರಿಗೆ ಕುಳಿತು ಕೇಳಿಯೇಬಿಟ್ಟೆ. "ಅವ್ವಾ, ಆ ಮಳಿಗಾಲದಾಗ ಯಾರ ಜೋಡಿ ಹೋಗಿದ್ದಿ?"

ಅವಳ ಕೈ ನಿಂತಿತು. "ನೀನೂ ಹಂಗ ತಿಳಿದೀಯೇನು?"

ಅವಳು ಹಿಟ್ಟಿನ ಕೈಯನ್ನು ಸೀರೆಗೆ ಒರೆಸಿಕೊಂಡಳು. "ವಿಜಾಪುರಕ್ಕ, ಅಕ್ಕನ ಮನಿಗೆ ಹೋಗಿದ್ದೆ. ಕೂಸು ಹೋಗಿತ್ತಲ್ಲ."

ಆ ಮಳೆಗಾಲಕ್ಕೆ ಮುಂಚೆ ಕೂಸು ಹುಟ್ಟಿದ್ದು, ನಾಲ್ಕು ದಿನವೂ ಉಳಿಯದೆ ಹೋದದ್ದು ನನಗೆ ಗೊತ್ತಿತ್ತು; ಅದಕ್ಕೂ ಅವ್ವ ಹೋದದ್ದಕ್ಕೂ ನಂಟಿದೆಯೆಂದು ಮಾತ್ರ ತೋಚಿರಲಿಲ್ಲ. ಗೊತ್ತಿಲ್ಲದ್ದನ್ನು ಅವಳು ಹೇಳಿದಳು. ಕೂಸಿಗೆ ಇಡಬೇಕೆಂದು ಒಂದು ಹೆಸರನ್ನು ಅವ್ವ ಅಪ್ಪ ಇಬ್ಬರೇ ಆರಿಸಿದ್ದರು. ಮೈ ತುಸು ಸುಧಾರಿಸಿ ಅವಳು ಸಭೆಗೆ ಹೋದ ಮೊದಲ ಭಾನುವಾರ ಅಪ್ಪ ಕೂಸಿನ ಮೇಲೆಯೇ ಪ್ರಸಂಗ ಮಾಡಿದ. ಆ ಹೆಸರನ್ನೂ ಹೇಳಿದ, ಅದರ ಅರ್ಥವನ್ನೂ ಬಿಡಿಸಿದ. "ನಾ ಆ ಹೆಸರು ಹಿಡಿದು ಒಮ್ಮೆನೂ ಕೂಗಿರ್ಲಿಲ್ಲ. ಇವರು ಊರಿಗೆಲ್ಲ ಹಂಚಿಬಿಟ್ರು. ಇವರ ಮುಖ ನೋಡೋದು ಆಗಲಿಲ್ಲ ನನಗ. ಮರುದಿನ ಬಸ್ ಹತ್ತಿದೆ." ಅಷ್ಟು ಹೇಳಿ ಮತ್ತೆ ರೊಟ್ಟಿ ಬಡಿಯತೊಡಗಿದಳು. ನಾನು ಅವಳ ತೊಡೆಯ ಮೇಲೆ ತಲೆಯಿಟ್ಟು ಅತ್ತೆ.

ಸಂಜೆ ಅಪ್ಪ ಬಂದ. "ಅವ್ವ ದೊಡ್ಡವ್ವನ ಮನ್ಯಾಗಿದ್ದಳು ಅಂತ ಸಭಾದಾಗ ಯಾಕ ಹೇಳಲಿಲ್ಲ?" ಎಂದೆ.

"ನಾ ಒಂದು ಸುಳ್ಳೂ ಹೇಳಿಲ್ಲವ್ವಾ. ಪ್ರವಾದಿ ಕತಿ ಹೇಳೀನಿ, ಅಷ್ಟ."

"ಮಂದಿ ಏನು ತಿಳಕೊಂಡ್ರು ಅನ್ನೋದು ನಿನಗ ಗೊತ್ತಿತ್ತೋ ಇಲ್ಲೋ?"

ಅವನು ಶೂ ಬಿಚ್ಚಿ ಮೂಲೆಗಿಟ್ಟ. ಸುಳ್ಳು ಹೇಳದೆಯೇ ಮನೆ ಮುರಿಯುವ ಜಾಣತನ ಅವನಿಗೆ ಸಿದ್ಧಿಸಿತ್ತು. ಆಮೇಲೆ ನನ್ನ ತಲೆ ಸವರಿ, "ಬರೋ ಭಾನುವಾರ ಎಲ್ಲಾರ ಮುಂದ ಹೇಳ್ತೀನಿ. ನಿನ್ನ ಮದಿವಿ ಮುಂಚೆ ನಿಮ್ಮವ್ವನ ಹೆಸರು ಸ್ವಚ್ಛ ಆಗಬೇಕು" ಎಂದ. ನಾನು ನಂಬಿದೆ. ಅಡುಗೆಮನೆಯಲ್ಲಿದ್ದ ಅವ್ವನೂ ಕೇಳಿಸಿಕೊಂಡು ನಂಬಿದಳು.

ಆ ಭಾನುವಾರ ಅವ್ವ ತನ್ನ ಇಳಕಲ್ ಸೀರೆ ಉಟ್ಟಳು. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕುಳಿತು ಒಂದು ಹಾಡಿನ ರಾಗವನ್ನು ಸಣ್ಣಗೆ ಗುನುಗಿದಳು. ನಾನು ಅದನ್ನು ಕೇಳಿ ಎಷ್ಟು ವರ್ಷವಾಗಿತ್ತೋ.

"ಇವತ್ತು ನನ್ನ ಮನೆಯ ಒಂದು ಮಾತನ್ನು ನಿಮ್ಮ ಮುಂದೆ ಇಡಬೇಕಾಗಿದೆ" ಎಂದು ಅಪ್ಪ ಶುರುಮಾಡಿದ. ಅವ್ವ ನೆಟ್ಟಗೆ ಕುಳಿತಳು. ಅಷ್ಟರಲ್ಲಿ ಹಿರಿಯಮ್ಮ ಕರವಸ್ತ್ರ ತೆಗೆದಳು. ಇನ್ನೂ ಮೂರು ನಾಲ್ಕು ಕರವಸ್ತ್ರಗಳು ಹೊರಬಂದವು. ಅಪ್ಪನ ಕಣ್ಣು ಅವುಗಳ ಮೇಲೆ ಹರಿದದ್ದನ್ನು ನಾನು ನೋಡಿದೆ. ಅವನು ಪುಟ ತಿರುವಿ ಪ್ರವಾದಿಯ ಅಧ್ಯಾಯ ತೆಗೆದ. ಅದೇ ಬೆಳ್ಳಿ, ಅದೇ ಜವೆಗೋಧಿ. ಕೊನೆಯಲ್ಲಿ, "ಮಗಳ ಮದುವೆಯ ಈ ಹೊತ್ತಿನಲ್ಲಿ ಹಳೆಯದನ್ನೆಲ್ಲ ದೇವರು ತೊಳೆದುಬಿಟ್ಟಿದ್ದಾನೆ" ಎಂದ. ಹೆಸರು ಸ್ವಚ್ಛ ಮಾಡುವುದೆಂದರೆ ಅವನ ಲೆಕ್ಕದಲ್ಲಿ ಇದು.

ಪ್ರಸಂಗದ ನಂತರ ನಮ್ಮಲ್ಲಿ ಸಾಕ್ಷಿಯ ಸಮಯ. ಯಾರು ಬೇಕಾದರೂ ಎದ್ದು ನಿಂತು ತಾವು ಮಾಡಿದ ಪಾಪವನ್ನೂ ಪಡೆದ ಕ್ಷಮೆಯನ್ನೂ ಹೇಳಿಕೊಳ್ಳಬಹುದು. ಉಳಿದವರು "ಸ್ತೋತ್ರ" ಎನ್ನುತ್ತಾರೆ. ಅವ್ವ ಯಾವತ್ತೂ ಎದ್ದವಳಲ್ಲ. ಅವತ್ತು ಎದ್ದಳು.

"ನಾ ನನ್ನ ಅಕ್ಕನ ಮನಿಗೆ ಹೋಗಿದ್ದೆ. ನನ್ನ ಕೂಸು ಸತ್ತಿತ್ತು. ನಾ ಬ್ಯಾರೆ ಎಲ್ಲಿಗೂ ಹೋಗಿಲ್ಲ."

"ಸ್ತೋತ್ರ!" ಎಂದಿತು ಸಭೆ. ಹಿರಿಯಮ್ಮ ಓಡಿಬಂದು ಅವಳನ್ನು ತಬ್ಬಿಕೊಂಡಳು. "ಇಷ್ಟ ವರ್ಷ ಎದ್ಯಾಗ ಇಟ್ಟಕೊಂಡಿದ್ದಿ. ಇವತ್ತ ಹಗುರಾತು ನೋಡು."

"ನಾ ಅಕ್ಕನ ಮನಿಗೆ ಹೋಗಿದ್ದೇನ್ರಿ."

"ಹೌದವಾ, ಹೌದು. ದೇವರು ಎಲ್ಲಾ ಮರ್ತುಬಿಟ್ಟಾನ."

ಅವ್ವ ಅವಳ ಹೆಗಲ ಮೇಲಿಂದ ಅಪ್ಪನತ್ತ ನೋಡಿದಳು. ನಮ್ಮಿಬ್ಬರನ್ನು ಬಿಟ್ಟರೆ ಅಲ್ಲಿ ನಿಜ ಗೊತ್ತಿದ್ದವನು ಅವನೊಬ್ಬನೇ. ಅವನು ಕಣ್ಣು ಮುಚ್ಚಿ, ಕೈ ಮೇಲೆತ್ತಿ, ಎಲ್ಲರಿಗಿಂತ ಜೋರಾಗಿ "ಸ್ತೋತ್ರ" ಎಂದ.

ಮದುವೆಯ ದಿನ ಮಗಳನ್ನು ತಂದೆ ಕೈಹಿಡಿದು ಒಳಗೆ ಕರೆತರುವುದು ವಾಡಿಕೆ. ಅಪ್ಪ ಕೈ ಚಾಚಿದ. ನಾನು ಅವ್ವನ ಕೈ ಹಿಡಿದು ನಡೆದೆ. "ಹೆಂಡತಿಗೆ ಎಂಥಾ ಮಾನ ಕೊಟ್ಟಾನ ನೋಡ್ರಿ, ಭಾಳ ದೊಡ್ಡ ಮನುಷ್ಯ" ಎಂದು ಯಾರೋ ಅಂದದ್ದು ನನ್ನ ಕಿವಿಗೇ ಬಿತ್ತು. ಮುಂದಿನ ಭಾನುವಾರ ಅಪ್ಪ ಅದನ್ನೂ ಪ್ರಸಂಗ ಮಾಡಿದನಂತೆ.

ಅದನ್ನು ಕೇಳಲು ಅವ್ವ ಮೂರನೇ ಸಾಲಿನಲ್ಲಿರಲಿಲ್ಲ. ಅವತ್ತು ಬೆಳಿಗ್ಗೆ ಚೀಲ ಹಿಡಿದುಕೊಂಡು ನೇರ ಹಿರಿಯಮ್ಮನ ಮನೆಗೆ ಹೋಗಿ ಬಾಗಿಲು ತಟ್ಟಿದ್ದಳು. "ಅಕ್ಕನ ಮನಿಗೆ ಹೊಂಟೀನ್ರಿ. ಸ್ವಾರಗೇಟ ತನಕ ಬಂದು ನೋಡ್ರಿ ಬೇಕಾರ, ಒಬ್ಬಾಕೀನ ಹೊಂಟೀನಿ" ಅಂದಳಂತೆ.