ಕೆಂಪಾದ ಅರಿಸಿನದ ಕಾಗದ

ರಾಜಕಾಲುವೆಯ ನೀರಿಗೆ ಅದ್ದಿದ ಅರಿಸಿನದ ಕಾಗದ ನೋಡನೋಡುತ್ತಿದ್ದಂತೆ ಕೆಂಪಾಯಿತು. ಶಿಕ್ಷಕರ ಪರಿಸರ ಶಿಬಿರದಲ್ಲಿ ಕಲಿತ ಈ ಪರೀಕ್ಷೆಯನ್ನು ಬಾಗಲಗುಂಟೆಯ ಮಹಿಳಾ ಸಂಘಕ್ಕೆ ತೋರಿಸುತ್ತಿದ್ದೆ. ನೀರಿನಲ್ಲಿ ಕ್ಷಾರ ಹೆಚ್ಚಿದೆ ಎಂದರೆ ಯಾರಿಗೂ ತಲೆಗೆ ಹೋಗಲಿಲ್ಲ. ಅಷ್ಟರಲ್ಲಿ ಗಾರ್ಮೆಂಟ್ಸ್‌ನಲ್ಲಿ ದುಡಿಯುವ ಗೌರಮ್ಮ ಕೂಗಿದರು: “ಅರಿಸಿನಕ್ಕೆ ಸುಣ್ಣ ಹಾಕಿದ್ರೂ ಇಂಗೇ ಕೆಂಪಾಗುತ್ತಲ್ವಾ ಮೇಡಂ, ದೃಷ್ಟಿ ತೆಗಿಯೋ ಆರತಿ ನೀರು!”

ನಾವು ಬಟ್ಟೆ ಒಗೆದ ಸೋಪಿನ ನೀರೂ ಹಾಗೇ ಮಾಡುತ್ತದೆ, ಅದೆಲ್ಲ ಈ ಕಾಲುವೆ ಹಿಡಿದು ನಮ್ಮ ಕೆರೆಗೇ ಹೋಗುತ್ತದೆ ಎಂದೆ.

“ಅಂಗಾರೆ ಕೆರೆಗೆ ನಮ್ದೇ ದೃಷ್ಟಿ ತಾಕೈತೆ,” ಎಂದರು ಗೌರಮ್ಮ. “ತೆಗೀಬೇಕಾದೋರೂ ನಾವೇ.”

ಮುಂದಿನ ಭಾನುವಾರ ಪಕ್ಕದ ಬೀದಿಯ ಹೆಂಗಸರಿಗೆ ಅವರೇ ಪಾಠ ಮಾಡಿದರು. ನಾನು ಹಿಂದೆ ಕೂತು ಹೆಮ್ಮೆಯಿಂದ ಕೇಳಿದೆ. ಈಗ ಶಾಲೆಯಲ್ಲೂ ಅವರ ಹಾಗೆಯೇ ಕಲಿಸುತ್ತೇನೆ: ಮೊದಲು ಆರತಿ, ಆಮೇಲೆ ಕ್ಷಾರ.