ನುಂಗಿದ ಮುದ್ದೆ ಗೆದ್ದದ್ದು

ಮೊನ್ನೆ ಅಲ್ಲಾಳಸಂದ್ರ ಕೆರೆಯ ಸುತ್ತ ನಡೆಯುವಾಗ ಎಡವಿ ಬಿದ್ದು ಮಂಡಿ ತರಚಿಕೊಂಡೆ. ಮನೆಗೆ ಬಂದಾಗ ಸೊಸೆ ಹತ್ತಿಯನ್ನು ಅಯೋಡಿನ್‌ನಲ್ಲಿ ಅದ್ದಿ ಗಾಯಕ್ಕೆ ಒತ್ತಿದಳು. ಉರಿಗಿಂತ ಮೊದಲು ವಾಸನೆ ಬಂತು. ಅದು ಮೂಗಿಗೆ ತಾಗಿದ್ದೇ ತಡ, ಮಂಡಿ ಮರೆತು ನನಗೆ ಅಪ್ಪನ ಕಂಕುಳು ನೆನಪಾಯಿತು. ನಗಬೇಡಿ, ಹೇಳುತ್ತೇನೆ. ಈ ಕತೆಯನ್ನು ಮನೆಯಲ್ಲಿ ಎಷ್ಟೋ ಸಲ ಹೇಳಿದ್ದೇನೆ, ಆದರೆ ಯಾವಾಗಲೂ ನನಗೆ ಅನುಕೂಲವಾದ ಕಡೆಯಿಂದಲೇ ಶುರು ಮಾಡಿದ್ದೇನೆ. ಇವತ್ತು ನಿಮ್ಮ ಮುಂದೆ ಮೊದಲಿನಿಂದ ಹೇಳಬೇಕು.

ಅದು ಐವತ್ತರ ದಶಕದ ಕೊನೆ. ನಮ್ಮ ಹೊಲಗದ್ದೆ ಇದ್ದದ್ದು ಅದೇ ಕೆರೆಯ ಕೆಳಗೆ. ನಾನು ಯಲಹಂಕದ ಹೈಸ್ಕೂಲಿಗೆ ನಡೆದು ಹೋಗುತ್ತಿದ್ದೆ. ನಮ್ಮ ವಂಶದಲ್ಲಿ ಅಷ್ಟು ಓದಿದವರು ಯಾರೂ ಇರಲಿಲ್ಲ. ಆ ಸಂಗತಿಯನ್ನು ಮನೆಯವರು ಮರೆಯದಂತೆ ನಾನು ನೋಡಿಕೊಳ್ಳುತ್ತಿದ್ದೆ.

ಒಂದು ದಿನ ವಿಜ್ಞಾನದ ಮೇಷ್ಟ್ರು ಗಾಜಿನ ನಳಿಗೆಯಲ್ಲಿ ಗಂಜಿಯ ತಿಳಿ ತಂದರು. ಅದಕ್ಕೆ ಅಯೋಡಿನ್ ಹನಿ ಬಿದ್ದಾಗ ಶಾಯಿಯಂತೆ ನೀಲಿಯಾಯಿತು. ಪಿಷ್ಟ ಇದ್ದರೆ ಹಾಗಾಗುತ್ತದೆಯಂತೆ. ಅದೇ ತಿಳಿಯಿದ್ದ ಇನ್ನೊಂದು ನಳಿಗೆಗೆ ಒಬ್ಬ ಹುಡುಗನಿಂದ ಉಗುಳಿಸಿ, ಸ್ವಲ್ಪ ಹೊತ್ತು ಬಿಟ್ಟು ಹನಿ ಹಾಕಿದರೆ ನೀಲಿಯೇ ಇಲ್ಲ! ಎಂಜಲಿನ ಕಿಣ್ವ ಪಿಷ್ಟವನ್ನು ಕತ್ತರಿಸಿ ಸಕ್ಕರೆ ಮಾಡಿಬಿಟ್ಟಿತ್ತು. "ಅದಕ್ಕೇ ಅಗಿದು ತಿನ್ನಿ ಅನ್ನೋದು" ಅಂದರು. ಹಿಂದಿನ ಬೆಂಚಿನಿಂದ ಒಬ್ಬ ಎದ್ದ. "ಸಾ, ನಾವು ಮುದ್ದೆ ನುಂಗ್ತೀವಲ್ಲ ಸಾ, ಅದ್ರ ಗತಿ?" ಮೇಷ್ಟ್ರು ನಕ್ಕರು. "ಒಳ್ಳೇ ಪ್ರಶ್ನೆ ಕಣೋ. ಅದು ಕರುಳಿನ ಪಾಠ, ನಾಳೆ ಹೇಳ್ತೀನಿ."

ಮರುದಿನ ಹೆಬ್ಬಾಳದಲ್ಲಿ ಕಬಡ್ಡಿ ಪಂದ್ಯವಿತ್ತು. ಶಾಲೆ ತಪ್ಪಿಸಿ ಆಡಲು ಹೋದೆ. ಹಾಗಾಗಿ ನನ್ನ ಜೀರ್ಣಶಾಸ್ತ್ರ ಗಂಟಲಿನಿಂದ ಕೆಳಗೆ ಇಳಿಯಲಿಲ್ಲ. ಹುಡುಗನ ಪ್ರಶ್ನೆಗೆ ನಾನೇ ಒಂದು ಉತ್ತರ ಕಟ್ಟಿಕೊಂಡೆ.

"ನುಂಗಿದ ಮುದ್ದೆ ಮೈಗೆ ಹತ್ತಲ್ಲ. ಹಂಗೇ ಆಚೆ ಹೋಗುತ್ತೆ. ಪುಸ್ತಕದಲ್ಲೇ ಇದೆ" ಎಂದು ರಾತ್ರಿ ಊಟಕ್ಕೆ ಕೂತಾಗ ಘೋಷಿಸಿದೆ. ಪುಸ್ತಕದಲ್ಲಿ ಹಾಗೆ ಇರಲಿಲ್ಲ.

ಅವ್ವ ಮುದ್ದೆ ಕಟ್ಟುತ್ತಿದ್ದವಳು ಕೈ ನಿಲ್ಲಿಸಿದಳು. "ನಿಮ್ಮಪ್ಪ ನುಂಗಿದ್ದೆಲ್ಲ ಆಚೆ ಓಗಿದ್ರೆ ಇತ್ಲ ಬಾವಿ ತೋಡ್ದೋರು ಯಾರ್ಲಾ, ನಿಮ್ಮ ಮೇಷ್ಟ್ರಾ?"

"ಓದ್ದೋನು ಏಳ್ತಾವ್ನೆ, ನೀನ್ ಸುಮ್ಕಿರು" ಅಂದ ಅಪ್ಪ. ಅಂದಿನಿಂದಲೇ ಮುದ್ದೆಯನ್ನು ಅಗಿಯತೊಡಗಿದ.

ಮುದ್ದೆ ಅಗಿದು ನೋಡಿದ್ದೀರಾ? ಅದು ಹಲ್ಲಿಗೆ ಮೆತ್ತಿ, ಅಂಗುಳಕ್ಕೆ ಅಂಟಿ, ಸಾರಿನ ರುಚಿಯನ್ನೂ ಕೆಡಿಸುತ್ತದೆ. ಅಪ್ಪ ಕಣ್ಣು ಮುಚ್ಚಿಕೊಂಡು, ಔಷಧಿ ತಿನ್ನುವವನಂತೆ ಅಗಿಯುತ್ತಿದ್ದ. ಪಕ್ಕದ ಮನೆಯ ಚಿಕ್ಕಪ್ಪ ಬೇಲಿಯಾಚೆಯಿಂದ ಕೂಗುತ್ತಿದ್ದ. "ಏನಣ್ಣೋ, ಎತ್ತು ಮೆಲುಕಾಕಿ ಮುಗಿಸ್ತು, ನಿಂದಿನ್ನೂ ಆಗ್ಲಿಲ್ವಾ?" ಮೊದಲು ಎರಡು ಮುದ್ದೆ ಉಣ್ಣುತ್ತಿದ್ದವನು ಒಂದಕ್ಕೆ ಇಳಿದ, ಆಮೇಲೆ ಅರ್ಧಕ್ಕೇ ಕೈ ತೊಳೆದ. ಮಗ ಓದಿ ತಂದ ಮಾತು, ಮೀರಬಾರದು ಅಂತ. ಅಂಗಿ ಮೈಮೇಲೆ ಜೋಲತೊಡಗಿತು. ನಾನು ನೋಡುತ್ತಲೇ ಇದ್ದೆ. ನೋಡಿಯೂ, ಅಪ್ಪ ನನ್ನ ಮಾತು ಕೇಳುತ್ತಿದ್ದಾನೆಂದು ಒಳಗೊಳಗೇ ಬೀಗುತ್ತಿದ್ದೆ. ನಾನು ಇಷ್ಟು ವರ್ಷ ಬಿಟ್ಟು ಹೇಳುತ್ತಿದ್ದ ಭಾಗ ಇದೇ.

ಯುಗಾದಿ ಹತ್ತಿರ ಬಂದಾಗ ಒಂದು ಬೆಳಗ್ಗೆ ಅಪ್ಪ ಎತ್ತು ಕಟ್ಟಿ ಬಾವಿಯ ನೀರೆತ್ತುವ ಕಪಿಲೆ ಹೊಡೆಯುತ್ತಾ ಕಣ್ಣು ಕತ್ತಲೆ ಬಂದು ಬಾವಿಕಟ್ಟೆಯ ಮೇಲೆ ಕುಸಿದ. ಇನ್ನೊಂದು ಗೇಣು ಆಚೆ ಬಿದ್ದಿದ್ದರೆ ಬಾವಿಯೊಳಗೆ. ನಾನು ಓಡಿದ್ದು ಮೇಷ್ಟ್ರ ಮನೆಗೆ.

ಎಲ್ಲ ಕೇಳಿ ಅವರು, "ನಾಳೆ ಹೇಳ್ತೀನಿ ಅಂದಿದ್ನಲ್ಲ, ನೀನೆಲ್ಲಿ ಹೋಗಿದ್ದೆ?" ಅಂದರು. ಕಬಡ್ಡಿಗೆ ಅಂದೆ. ಅವರು ಬೈಯದೆ ಬಿಟ್ಟುಹೋದ ಪಾಠವನ್ನು ಜಗಲಿಯ ಮೇಲೆ ಮಾಡಿದರು. "ಬಾಯಿ ಬರೀ ಶುರು ಮಾಡುತ್ತೆ ಕಣಯ್ಯ. ಜಠರದ ಆಮ್ಲದಲ್ಲಿ ಎಂಜಲಿನ ಕೆಲಸ ನಿಂತೇ ಹೋಗುತ್ತೆ. ಅಲ್ಲಿರೋ ಕಿಣ್ವ ಕಾಳಿನ, ಬಾಡಿನ ಪ್ರೋಟೀನು ಒಡೆಯೋದು. ಆಮೇಲೆ ಸಣ್ಣ ಕರುಳು. ಅಲ್ಲಿಗೆ ಮೇದೋಜೀರಕ ಗ್ರಂಥಿಯ ರಸ ಬಂದು ಮಿಕ್ಕ ಪಿಷ್ಟಾನೆಲ್ಲ ಒಡೆಯುತ್ತೆ. ಕಡೇ ಕತ್ತರಿಸೋ ಕೆಲಸ ಕರುಳಿನ ಗೋಡೆ ಮಾಡಿ, ಆದ ಸಕ್ಕರೇನ ರಕ್ತಕ್ಕೆ ಕೊಡುತ್ತೆ. ಕಡಲೆಕಾಯಿ ಆದ್ರೆ ಅಗೀಬೇಕು. ಬೆಂದು ಮೆತ್ತಗಿರೋ ಮುದ್ದೆಗೆ ಹಲ್ಲು ಯಾಕೆ? ನುಂಗ್ಲಿ ಬಿಡು."

ಮನೆಗೆ ಬಂದು ಹೇಳಿದರೆ ಅಪ್ಪ ನಂಬಲಿಲ್ಲ. "ನಾ ಬಿದ್ದೆ ಅಂತ ಅಯ್ಯೋ ಪಾಪ ಅಂತೀಯ. ಅವತ್ತೊಂದು ಪುಸ್ತ್ಕ, ಇವತ್ತೊಂದು ಪುಸ್ತ್ಕಾನಾ?" ಮತ್ತೆ ಮೇಷ್ಟ್ರ ಹತ್ತಿರ ಓಡಿದೆ. ಅವರು ಎರಡು ನಳಿಗೆ, ಒಂದು ಪುಟ್ಟ ಸೀಸೆ ಅಯೋಡಿನ್ ಕೊಟ್ಟು ಏನು ಮಾಡಬೇಕೆಂದು ಹೇಳಿದರು.

ಯುಗಾದಿಯ ಮರುದಿನ ವರ್ಷದ ತೊಡಕು. ಊರವರು ಸೇರಿ ಕುರಿ ಕಡಿದು ಮುತ್ತುಗದ ಎಲೆಯ ಮೇಲೆ ಬಾಡನ್ನು ಗುಡ್ಡೆ ಹಾಕಿ ಹಂಚಿಕೊಳ್ಳುವ ದಿನ. ಕುರಿಯ ಕರುಳಿನ ಮಡಿಕೆಗೆ ಅಂಟಿಕೊಂಡಿದ್ದ ಮಾಸಲು ಬಿಳಿಯ ಆ ಮೇದೋಜೀರಕ ಗ್ರಂಥಿಯನ್ನು ಕೇಳಿ ಪಡೆದೆ. ಕಲ್ಲಿನ ಮೇಲೆ ಅರೆದು, ಉಗುರುಬೆಚ್ಚಗಿನ ನೀರಿನಲ್ಲಿ ಕದಡಿ ಬಟ್ಟೆಯಲ್ಲಿ ಸೋಸಿದೆ. ಮುದ್ದೆಯನ್ನೂ ನೀರಲ್ಲಿ ಕಿವುಚಿ ಸೋಸಿ ಆ ತಿಳಿಯನ್ನು ಎರಡೂ ನಳಿಗೆಗೆ ಹಾಕಿದೆ. ಗ್ರಂಥಿಯ ರಸವನ್ನು ಒಂದಕ್ಕೆ ಮಾತ್ರ ಬೆರೆಸಿದೆ.

"ಇದರಲ್ಲಿ ಯಾರ ಎಂಜಲೂ ಇಲ್ಲ, ಯಾರೂ ಅಗಿದಿಲ್ಲ. ಇನ್ನು ಮೈ ಬಿಸಿ ಬೇಕು ಅಪ್ಪ" ಅಂದೆ. ಅಪ್ಪ ಎರಡನ್ನೂ ಇಸಿದುಕೊಂಡು ಕಂಕುಳಿಗೊಂದೊಂದು ಸಿಕ್ಕಿಸಿ ಕಂಬಳಿ ಹೊದ್ದು ಕೂತ.

"ಕಾವು ಕೂತವ್ನೆ ಕಣ್ರೋ, ಮರಿ ಯಾವಾಗ್ಲೋ?" ಅಂದ ಚಿಕ್ಕಪ್ಪ. ಬಾಡಿನ ಪಾಲು ಮರೆತು ಊರೇ ಸುತ್ತ ನಿಂತಿತು. ಇದು ಸೋತರೆ ಅಪ್ಪ ಮುಂದೆಯೂ ಅಗಿಯುತ್ತಾನೆ, ಮುಂಗಾರಿಗೆ ನೇಗಿಲು ಹಿಡಿಯುವ ಶಕ್ತಿ ಅವನಲ್ಲಿ ಉಳಿಯುವುದಿಲ್ಲ.

ಸಾಕಷ್ಟು ಹೊತ್ತು ಬಿಟ್ಟು ನಳಿಗೆಗಳನ್ನು ತೆಗೆದೆ. ರಸವಿಲ್ಲದ್ದಕ್ಕೆ ಅಯೋಡಿನ್ ಹಾಕಿದೆ, ಕಡುನೀಲಿ. ರಸ ಬೆರೆಸಿದ್ದಕ್ಕೆ ಹಾಕಿದೆ. ಹನಿ ತನ್ನ ಕಂದು ಬಣ್ಣದಲ್ಲೇ ಹರಡಿ ನಿಂತಿತು. ನೀಲಿಯ ಸುಳಿವೇ ಇಲ್ಲ!

"ಮುದ್ದೆ ಎಲ್ಲೋಯ್ತಲಾ?" ಅಂದ ಅಪ್ಪ, ನಳಿಗೆಯನ್ನು ಬಿಸಿಲಿಗೆ ಹಿಡಿದು.

"ಸಕ್ಕರೆ ಆಯ್ತಪ್ಪ. ನಿನ್ನ ಹೊಟ್ಟೇಲೂ ಹಿಂಗೇ ಆಗುತ್ತೆ. ಪುಸ್ತಕ ಬದಲಾಗಿಲ್ಲ. ಆ ಪಾಠದ ದಿನ ನಾನು ಕಬಡ್ಡಿಗೆ ಹೋಗಿದ್ದೆ."

ಅಪ್ಪ ನನ್ನನ್ನು ದಿಟ್ಟಿಸಿದ. "ಗೆದ್ರಾ?"

"ಇಲ್ಲ, ಸೋತ್ವಿ."

"ತೂ ನಿನ್ನ! ಅದಾದ್ರೂ ಗೆಲ್ಬಾರ್ದಾ?" ಅಂದವನೇ ನಗತೊಡಗಿದ. ಇಡೀ ಊರು ನಕ್ಕಿತು. ಅವ್ವ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಓಡಿದ್ದು ನಗಲಿಕ್ಕೋ ಅಳಲಿಕ್ಕೋ ಗೊತ್ತಿಲ್ಲ. ಆ ಮಧ್ಯಾಹ್ನ ಅಪ್ಪ ಬಾಡಿನ ಸಾರಿನಲ್ಲಿ ಮುದ್ದೆ ಮುರಿದು ಅದ್ದಿ ಗುಳುಂ ಗುಳುಂ ನುಂಗಿದ. ಮೂರನೆಯದಕ್ಕೂ ತಟ್ಟೆ ಮುಂದೆ ಮಾಡಿದ. ಮೊದಲ ಹದಮಳೆ ಬಿದ್ದ ದಿನ ಎಲ್ಲರಿಗಿಂತ ಮುಂಚೆ ಹೊಲದಲ್ಲಿ ಓಡಿದ್ದು ನಮ್ಮ ನೇಗಿಲೇ.

ಅಪ್ಪನನ್ನು ಕ್ಷಮೆ ಕೇಳಲಿಲ್ಲ. ಆ ನಗುವಿನಲ್ಲೇ ಎಲ್ಲ ತೀರಿತು ಅಂದುಕೊಂಡೆ, ತೀರಿರಲಿಲ್ಲ. ಮೊನ್ನೆ ಸೊಸೆ ಪಟ್ಟಿ ಕಟ್ಟುವಷ್ಟರಲ್ಲಿ ಅವಳಿಗೂ ಪೂರ್ತಿ ಹೇಳಿದೆ. ಅಪ್ಪ ಅರ್ಧಕ್ಕೇ ಕೈ ತೊಳೆಯುತ್ತಿದ್ದದ್ದು, ನಾನು ಬೀಗಿದ್ದು, ಬಾವಿಕಟ್ಟೆ, ಯಾವುದನ್ನೂ ಬಿಡಲಿಲ್ಲ. ಅವಳು ರಾತ್ರಿ ಮುದ್ದೆ ಬಡಿಸಿ, "ಮಾವ, ಆ ಹಲ್ಲಿನ ಸೆಟ್ಟು ತೆಗೆದಿಟ್ಟು ಬನ್ನಿ. ನುಂಗೋದಕ್ಕೆ ಅದ್ಯಾಕೆ?" ಅಂದಳು.

ತೆಗೆದಿಟ್ಟು ಕೂತೆ. ಒಂದು ತುತ್ತು ಮುರಿದು ಸೊಪ್ಪಿನ ಸಾರಿನಲ್ಲಿ ಹೊರಳಿಸಿ ಗಂಟಲಿಗೆ ಬಿಟ್ಟೆ. ಜಾರಿ ಇಳಿಯಿತು. ಮುಂದಿನ ಕೆಲಸ ಹೊಟ್ಟೆಯೊಳಗಿನವರದ್ದು, ಅವರು ಒಂದು ದಿನವೂ ಶಾಲೆ ತಪ್ಪಿಸಿದವರಲ್ಲ.